‘ಕಾಲಿಫ್ಲೋರಸ್’ ಎಂದರೆ ಹೂಕೋಸಿನಂತೆ ಅಲ್ಲ, ಮರದ ಮೈಯಲ್ಲೇ ಹೂ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಈಚೆಗೆ ಬಂದ ಕೊಕ್ಕೋ ಕುರಿತ ಬರಹದಲ್ಲಿ ‘ಕೊಕ್ಕೋ, ಹಲಸು ಮುಂತಾದವು ಕಾಲಿಫ್ಲೋರಸ್ ಮರಗಳು, ಅಂದರೆ ಹೂಕೋಸಿನಂತೆ ಗುಂಪಾಗಿ ಹೂ ಬಿಡುವಂಥವು’ ಎಂಬ ಸಾಲಿತ್ತು. ಪಕ್ಕದಲ್ಲಿ ಉದಾಹರಣೆಗೆಂದು ಹಾಕಿದ್ದ ಚಿತ್ರ ಜೀಗುಜ್ಜೆಯದು (ದಿವಿಹಲಸು). ಬರಹ ಉಳಿದಂತೆ ಉಪಯುಕ್ತವಾಗಿದೆ. ಆದರೆ ಆ ಸಾಲೂ ತಪ್ಪು, ಆ ಚಿತ್ರವೂ ತಪ್ಪು. ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳು ಕೇರಳದ ಪಠ್ಯವನ್ನು ಕನ್ನಡದಲ್ಲಿ ಓದುವವರು. ವಿಜ್ಞಾನದ ಒಂದು ಪದ ಪುಸ್ತಕದಲ್ಲಿ ತೊಡಕಾದಾಗ ಅವರೂ ಅವರ ಅಧ್ಯಾಪಕರೂ ನೋಡುವುದು ಕನ್ನಡ ಪತ್ರಿಕೆಯನ್ನು. ಇಲ್ಲಿ ಅಚ್ಚಾದ ಅರ್ಥ ನಾಳೆ ತರಗತಿಯ ಕಪ್ಪುಹಲಗೆಯ ಮೇಲಿರುತ್ತದೆ. ಅದಕ್ಕಾಗಿ ಈ ಪತ್ರ, ತುಸು ಉದ್ದವಾದರೂ.

ಕಾಲಿಫ್ಲೋರಸ್ ಎಂದರೆ ಎಲೆ ಇಲ್ಲದ ಹಳೆಯ ಕಾಂಡದ ಮೇಲೆ ಅಥವಾ ದಪ್ಪ ಕೊಂಬೆಯ ಮೇಲೆ ನೇರವಾಗಿ ಹೂ ಬಿಡುವ ಎಂದು ಅರ್ಥ. ಹೂವಿನ ಆಕಾರಕ್ಕೂ ಈ ಪದಕ್ಕೂ ಸಂಬಂಧವಿಲ್ಲ. ಹೂ ಒಂಟಿಯೋ ಗೊಂಚಲೋ, ಬಿಳಿಯೋ ಕೆಂಪೋ ಎಂಬುದೂ ಇದಕ್ಕೆ ಲೆಕ್ಕವಲ್ಲ. ಪದ ಹೇಳುವುದು ಹೂ ಹುಟ್ಟುವ ಜಾಗವನ್ನು ಮಾತ್ರ. ಮಾವು, ಗೇರು ಹೂ ಬಿಡುವುದು ಚಿಗುರಿನ ತುದಿಯಲ್ಲಿ. ಕೊಕ್ಕೋ ಹೂ ಬಿಡುವುದು ಎಷ್ಟೋ ವರ್ಷ ಹಳೆಯದಾದ, ತೊಗಟೆ ಗಟ್ಟಿಯಾದ ಕಾಂಡದಲ್ಲಿ. ಈ ವ್ಯತ್ಯಾಸವನ್ನು ಒಂದೇ ಮಾತಿನಲ್ಲಿ ಹೇಳಲು ಸಸ್ಯಶಾಸ್ತ್ರಜ್ಞರು ಕಟ್ಟಿಕೊಂಡ ವಿಶೇಷಣ ಇದು. ಈ ಗುಣಕ್ಕೆ ಹೆಸರು ಕಾಲಿಫ್ಲೋರಿ.

ತಪ್ಪು ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಲ್ಲ. ಕಾಲಿಫ್ಲೋರಸ್, ಕಾಲಿಫ್ಲವರ್ ಎರಡೂ ಕಿವಿಗೆ ಅಕ್ಕತಂಗಿಯರಂತೆ ಕೇಳುತ್ತವೆ. ನಿಜಕ್ಕೂ ಅವು ಒಂದೇ ಬೇರಿನವು, ಆದರೆ ಬೇರೆ ಬೇರೆ ದಾರಿಯಲ್ಲಿ ಬಂದವು. ಲ್ಯಾಟಿನಿನಲ್ಲಿ ‘ಕೌಲಿಸ್’ ಎಂದರೆ ಗಿಡದ ಕಾಂಡ, ದಂಟು. ‘ಫ್ಲೋಸ್’ ಎಂದರೆ ಹೂ, ಷಷ್ಠಿಯಲ್ಲಿ ‘ಫ್ಲೋರಿಸ್’. ಈ ಎರಡನ್ನು ನೇರವಾಗಿ ಜೋಡಿಸಿದರೆ ಕಾಂಡದಲ್ಲಿ ಹೂವುಳ್ಳದ್ದು, ಅಂದರೆ ಕಾಲಿಫ್ಲೋರಸ್. ಆದರೆ ರೋಮನರ ಬಾಯಲ್ಲಿ ‘ಕೌಲಿಸ್’ಗೆ ಇನ್ನೊಂದು ಅರ್ಥವೂ ಇತ್ತು. ದಂಟುಸೊಪ್ಪಾಗಿ ಬೇಯಿಸುತ್ತಿದ್ದ ಕೋಸಿನ ಗಿಡಕ್ಕೂ ಅದೇ ಹೆಸರು, ನಾವು ಹರಿವೆಯ ಒಂದು ಬಗೆಯನ್ನು ‘ದಂಟು’ ಎಂದೇ ಕರೆಯುವ ಹಾಗೆ. ಆ ಎರಡನೆಯ ಅರ್ಥ ಯುರೋಪಿನ ಅಡುಗೆಮನೆಗಳಲ್ಲಿ ಬೆಳೆದು ಜರ್ಮನಿನ ‘ಕೋಲ್’ ಆಯಿತು, ಇಂಗ್ಲಿಷಿನ ‘ಕೇಲ್’ ಆಯಿತು, ಇಟಲಿಯಲ್ಲಿ ‘ಕಾವೊಲೊ’ ಆಯಿತು. ಇಟಲಿಯವರು ಹೂವಿನಂತಿದ್ದ ಕೋಸನ್ನು ‘ಕೋಸುಹೂ’ ಎಂಬರ್ಥ ಬರುವಂತೆ ಕರೆದರು. ಅದೇ ಇಂಗ್ಲಿಷಿಗೆ ಹೋಗಿ, ಕಾಲಕ್ರಮದಲ್ಲಿ ಲ್ಯಾಟಿನಿನ ಕಾಗುಣಿತಕ್ಕೆ ಒಗ್ಗಿ ಕಾಲಿಫ್ಲವರ್ ಆಗಿದೆ. ಹೀಗೆ ತರಕಾರಿಯ ಹೆಸರಿನಲ್ಲಿ ‘ಕಾಲಿ’ ಎಂದರೆ ಕೋಸು, ವಿಜ್ಞಾನದ ಪದದಲ್ಲಿ ‘ಕಾಲಿ’ ಎಂದರೆ ಕಾಂಡ.

ನಮ್ಮ ‘ಕೋಸು’ ಕೂಡ ಇದೇ ಬಳ್ಳಿಯ ಕುಡಿ. ಪೋರ್ಚುಗೀಸರು ಕೋಸನ್ನು ‘ಕೋವ್’ ಎನ್ನುತ್ತಾರೆ, ಅದರ ಮೂಲ ಲ್ಯಾಟಿನಿನ ‘ಕೌಲಿಸ್’. ಅವರ ಹಡಗಿನೊಂದಿಗೆ ಬಂದ ಆ ಹೆಸರೇ ಕೊಂಕಣಿ, ಮರಾಠಿಯಲ್ಲಿ ‘ಕೋಬಿ’ ಎಂದೂ ತಮಿಳು, ಕನ್ನಡದಲ್ಲಿ ‘ಕೋಸು’ ಎಂದೂ ನೆಲೆಯಾಯಿತು ಎಂಬುದು ಭಾಷಾತಜ್ಞರ ಮಾತು. ಅಂದರೆ ಕನ್ನಡದಲ್ಲಿ ಎಲೆಕೋಸು, ಹೂಕೋಸು, ನವಿಲುಕೋಸು ಎನ್ನುವಾಗಲೆಲ್ಲ ನಾವು ಲ್ಯಾಟಿನಿನ ‘ಕಾಂಡ’ವನ್ನೇ ಉಚ್ಚರಿಸುತ್ತಿದ್ದೇವೆ. ಮೂರರಲ್ಲಿ ಆ ಹೆಸರಿಗೆ ತಕ್ಕದ್ದು ನವಿಲುಕೋಸು ಒಂದೇ. ಅದರಲ್ಲಿ ತಿನ್ನುವುದು ಉಬ್ಬಿದ ಕಾಂಡವನ್ನು. ಹೂಕೋಸಿನಲ್ಲಿ ತಿನ್ನುವುದಾದರೂ ಅರಳಿದ ಹೂವನ್ನಲ್ಲ. ಹೂವಾಗುವ ಮುಂಚೆಯೇ ತಡೆದು ನಿಂತ ಎಳೆಯ ಹೂಗೊಂಚಲಿನ ಮುದ್ದೆ ಅದು, ಮೂಡುವುದು ಗಿಡದ ತುದಿಯಲ್ಲಿ. ಆದ್ದರಿಂದ ಹೂಕೋಸು ಯಾವ ಲೆಕ್ಕದಲ್ಲೂ ಕಾಲಿಫ್ಲೋರಸ್ ಅಲ್ಲ. ಹೂಕೋಸಿನ ಹೋಲಿಕೆಯಿಂದ ಈ ಪದವನ್ನು ವಿವರಿಸಿದರೆ ಅರ್ಥ ಪೂರ್ತಿ ತಲೆಕೆಳಗಾಗುತ್ತದೆ.

ಈಗ ಚಿತ್ರದ ವಿಷಯ. ಜೀಗುಜ್ಜೆ, ಹಲಸು, ಹೆಬ್ಬಲಸು ಮೂರೂ ಆರ್ಟೋಕಾರ್ಪಸ್ ಎಂಬ ಒಂದೇ ಕುಲದವು. ಮುರಿದರೆ ಮೂರರಲ್ಲೂ ಬಿಳಿ ಮೇಣ ಬರುತ್ತದೆ. ಆದರೆ ಹೂವಿನ ಜಾಗದಲ್ಲಿ ಮೂರೂ ಒಂದೇ ಅಲ್ಲ. ಜೀಗುಜ್ಜೆಯ ಕಾಯಿ ತೂಗುವುದು ಕೊಂಬೆಯ ತುದಿಯ ದೊಡ್ಡ ಎಲೆಗಳ ನಡುವೆ, ಎಲೆಯ ಕಂಕುಳಲ್ಲಿ, ಅಂದರೆ ಎಲೆತೊಟ್ಟು ಕೊಂಬೆಗೆ ಸೇರುವ ಸಂದಿನಲ್ಲಿ. ಹೆಬ್ಬಲಸಿನದೂ ಹಾಗೆಯೇ. ಅದಕ್ಕೇ ಹೆಬ್ಬಲಸಿನ ಹಣ್ಣು ಕೊಯ್ಯಲು ಮರದ ನೆತ್ತಿಗೆ ಹೋಗಬೇಕು, ಹಲಸಿನ ಗುಜ್ಜೆಯನ್ನು (ಎಳೆಯ ಕಾಯಿಯನ್ನು) ಎಷ್ಟೋ ಸಲ ನೆಲದಲ್ಲಿ ನಿಂತೇ ಕೊಯ್ಯಬಹುದು. ಮೂರರಲ್ಲಿ ಕಾಲಿಫ್ಲೋರಸ್ ಹಲಸು ಮಾತ್ರ. ಗಡಿನಾಡಿನಲ್ಲಿ ಎಲ್ಲರ ಕಿವಿಗೂ ಬಿದ್ದಿರುವ ಮಲಯಾಳ ಗಾದೆಯಿದೆ: ‘ವೇಣಮೆಂಗಿಲ್ ಚಕ್ಕ ವೇರಿಲುಂ ಕಾಯ್ಕುಂ’. ಬೇಕೆಂದರೆ ಹಲಸು ಬೇರಿನಲ್ಲೂ ಕಾಯಿ ಬಿಟ್ಟೀತು ಎಂದು. ಮನಸ್ಸಿದ್ದರೆ ಮಾರ್ಗವುಂಟು ಎಂಬ ಅರ್ಥದಲ್ಲಿ ಅದನ್ನು ಬಳಸುತ್ತಾರೆ. ಆದರೆ ಆ ಮಾತು ಹುಟ್ಟಲು ಯಾರೋ ಹಲಸಿನ ಬುಡದಲ್ಲಿ, ಮಣ್ಣಿಗೆ ತಾಗಿಕೊಂಡು ಬಿಟ್ಟ ಕಾಯಿಯನ್ನು ಕಣ್ಣಾರೆ ಕಂಡಿರಲೇಬೇಕು. ಜೀಗುಜ್ಜೆಯ ಬಗ್ಗೆ ಅಂಥ ಗಾದೆ ಹುಟ್ಟಲಾರದು.

ಹಲಸಿನಲ್ಲೂ ಒಂದು ಸೂಕ್ಷ್ಮವಿದೆ. ಒಂದೇ ಮರದಲ್ಲಿ ಗಂಡು ಹೂಗೊಂಚಲು ಬೇರೆ, ಹೆಣ್ಣು ಹೂಗೊಂಚಲು ಬೇರೆ. ಹೆಣ್ಣು ಬರುವುದು ಕಾಂಡ ಮತ್ತು ದಪ್ಪ ಕೊಂಬೆಯಿಂದ ಹೊರಟ ಗಿಡ್ಡ ಕವಲುಗಳಲ್ಲಿ. ಗಂಡು ಆ ಕವಲುಗಳಲ್ಲೂ ಬರುತ್ತದೆ, ಮೇಲಿನ ಎಳೆಯ ಕೊಂಬೆಗಳಲ್ಲೂ ಬರುತ್ತದೆ. ಹಾಗಾಗಿ ಹಲಸಿನ ಕಾಲಿಫ್ಲೋರಿ ಮುಖ್ಯವಾಗಿ ಹೆಣ್ಣು ಹೂಗಳ ಗುಣ. ಗಂಡು ಗೊಂಚಲು ಸಪೂರ, ತೊಟ್ಟೂ ಸಪೂರ. ಪರಾಗ ಉದುರಿಸಿದ ಮೇಲೆ ಅದು ಬೂಷ್ಟು ಹಿಡಿದು ಕಪ್ಪಾಗಿ ನೆಲಕ್ಕೆ ಬೀಳುತ್ತದೆ. ಹೆಣ್ಣು ದಪ್ಪ ತೊಟ್ಟಿನದು, ಮೈ ಒರಟು, ಅದೇ ಮುಂದೆ ಗುಜ್ಜೆಯಾಗುವುದು. ‘ನಮ್ಮ ಹಲಸಿನ ಗುಜ್ಜೆಯೆಲ್ಲ ಕರಿಬೂಷ್ಟು ಬಂದು ಉದುರುತ್ತಿದೆ, ಯಾವ ಮದ್ದು ಹೊಡೆಯಬೇಕು’ ಎಂಬ ಪ್ರಶ್ನೆ ಕೃಷಿ ಅಂಕಣಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಉದುರಿದ್ದು ಸಪೂರ ತೊಟ್ಟಿನ ಗಂಡಾದರೆ ಮದ್ದು ಬೇಡ, ಅದರ ಕೆಲಸ ಮುಗಿದಿದೆ ಅಷ್ಟೆ.

ನಮ್ಮ ಹಿರಿಯರು ಈ ಮರಗಳನ್ನು ಗಮನಿಸದೆ ಇರಲಿಲ್ಲ. ಸಂಸ್ಕೃತದಲ್ಲಿ ಹಲಸಿಗೂ ಅತ್ತಿಗೂ ‘ಅಪುಷ್ಪಫಲದ’ ಎಂಬ ಹೆಸರಿದೆ, ಹೂವಿಲ್ಲದೆ ಹಣ್ಣು ಕೊಡುವುದು ಎಂದು. ಅಮರಕೋಶವೂ ಹೂ ಬಿಟ್ಟು ಹಣ್ಣಾಗುವುದನ್ನು ವಾನಸ್ಪತ್ಯ ಎಂದೂ, ಹೂವಿಲ್ಲದೆ ಹಣ್ಣಾಗುವುದನ್ನು ವನಸ್ಪತಿ ಎಂದೂ ಬೇರೆ ಮಾಡುತ್ತದೆ. ಹೂವೇ ಇಲ್ಲ ಎಂಬುದು ಈಗ ನಿಲ್ಲದ ಮಾತು. ಅತ್ತಿಯ ಹೂಗಳು ಕಾಯಿಯ ಒಳಗಡೆಯೇ ಇವೆ, ಸಣ್ಣ ಕಣಜಗಳು ಒಳಹೊಕ್ಕು ಪರಾಗ ಮುಟ್ಟಿಸುತ್ತವೆ. ಅತ್ತಿಹಣ್ಣು ಬಿಚ್ಚಿದರೆ ಹುಳ ಕಾಣುವುದು ಇದೇ ಕಾರಣಕ್ಕೆ. ಹಲಸಿನಲ್ಲಿ ನಾವು ಎಳೆಗುಜ್ಜೆ ಅಂದುಕೊಳ್ಳುವುದೇ ನೂರಾರು ಹೂಗಳ ಒತ್ತಟ್ಟು. ಒಂದೊಂದು ಸೊಳೆ ಒಂದೊಂದು ಹೂವಿನ ಫಲ, ಸೊಳೆಯಾಗದೆ ಉಳಿದ ಹೂಗಳೇ ಸಾರೆ, ಅವೆಲ್ಲ ಅಂಟಿಕೊಂಡ ದಂಡೇ ಗೂಂಜು. ಕಾಂಡದಿಂದ ನೇರ ಕಾಯಿ ಹೊರಟಂತೆ ಕಾಣುವ ಈ ಎರಡನ್ನೂ ಒಟ್ಟಿಗೆ ಇಟ್ಟ ಕಣ್ಣು ಮಾತ್ರ ಸರಿಯಾಗಿತ್ತು. ಅತ್ತಿಯೂ ಕಾಲಿಫ್ಲೋರಸ್.

ಇದೇ ಸಾಲಿನಲ್ಲಿ ಬರುವ ಮರಗಳು ನಮ್ಮ ಹಿತ್ತಿಲಲ್ಲಿ, ಕಾಡಂಚಿನಲ್ಲಿ ಬೇಕಾದಷ್ಟಿವೆ. ಬಿಂಬುಳಿ ಬುಡದಿಂದ ಕೊಂಬೆಯವರೆಗೆ ಕೆಂಪು ಹೂ ಹೊದ್ದು, ಆಮೇಲೆ ಗೊಂಚಲು ಗೊಂಚಲಾಗಿ ಕಾಯಿ ಕಚ್ಚುತ್ತದೆ. ಮಕ್ಕಳಿಗೆ ಪದವನ್ನು ತೋರಿಸಿ ಕಲಿಸಲು ಅದಕ್ಕಿಂತ ಒಳ್ಳೆಯ ಗಿಡವಿಲ್ಲ, ಕೈಗೆಟುಕುವ ಎತ್ತರದಲ್ಲೇ ಎಲ್ಲ ಕಾಣುತ್ತದೆ. ಶಿವಾಲಯಗಳ ಅಂಗಳದ ನಾಗಲಿಂಗ ದಕ್ಷಿಣ ಅಮೆರಿಕದಿಂದ ಬಂದ ಮರ, ಅದರ ಉದ್ದನೆಯ ಹೂಗೊಂಚಲು ಕಾಂಡದಿಂದಲೇ ಹೊರಟು ಇಳಿಬಿದ್ದಿರುತ್ತದೆ. ಪಶ್ಚಿಮಘಟ್ಟದಲ್ಲಿ ಮಾತ್ರ ಇರುವ ಬಕೌರಿಯಾ ಕುಲದ ಒಂದು ಕಾಡುಮರವನ್ನು ಮಲಯಾಳಿಗಳು ‘ಮೂಟ್ಟಿಪ್ಪಳಂ’ ಎನ್ನುತ್ತಾರೆ. ‘ಮೂಡ್’ ಎಂದರೆ ಬುಡ. ಹೆಸರಲ್ಲೇ ಕಾಲಿಫ್ಲೋರಿ ಕೂತಿದೆ! ಸುರಗಿ ಮಾತ್ರ ಸ್ವಲ್ಪ ಬೇರೆ. ಅದರ ಹೂ ಮುತ್ತಿಕೊಳ್ಳುವುದು ಎಲೆ ಉದುರಿದ ಹಳೆ ಕೊಂಬೆಯ ಗಂಟುಗಳಲ್ಲಿ. ಹೀಗೆ ಕೊಂಬೆಗೆ ಸೀಮಿತವಾದದ್ದಕ್ಕೆ ಕಟ್ಟುನಿಟ್ಟಿನ ಸಸ್ಯಶಾಸ್ತ್ರಜ್ಞರು ರಾಮಿಫ್ಲೋರಸ್ ಎಂಬ ಬೇರೆ ವಿಶೇಷಣ ಬಳಸುತ್ತಾರೆ. ಲ್ಯಾಟಿನಿನಲ್ಲಿ ‘ರಾಮುಸ್’ ಎಂದರೆ ಕೊಂಬೆ. ಹಲವರು ಎರಡನ್ನೂ ಸೇರಿಸಿ ಕಾಲಿಫ್ಲೋರಸ್ ಎಂದೇ ಬರೆಯುತ್ತಾರೆ, ಅದನ್ನು ತಪ್ಪೆನ್ನಲಾಗದು.

ತಪ್ಪಾಗುವುದು ಅಡಕೆಯ ವಿಷಯದಲ್ಲಿ. ಅಡಕೆಮರದಲ್ಲಿ ಹಿಂಗಾರ ಬರುವುದು ಸೋಗೆಯ ಕೆಳಗೆ, ಹಸುರು ಕಾಂಡದ ಮೇಲೆ. ನೋಡಿದವರಿಗೆ ‘ಇದೂ ಕಾಂಡದಲ್ಲೇ ಹೂವಲ್ಲವೇ’ ಅನ್ನಿಸುವುದು ಸಹಜ. ಅಲ್ಲ. ಪ್ರತಿ ಹಿಂಗಾರವೂ ಒಂದು ಸೋಗೆಯ ಕಂಕುಳಲ್ಲಿ ಹುಟ್ಟಿ, ಹಾಳೆಯ ಒಳಗೆ ಮುಚ್ಚಿಕೊಂಡೇ ಬೆಳೆಯುತ್ತದೆ. ಹಾಳೆ ಕಳಚಿ ಬಿದ್ದಾಗ ಹೊರಗೆ ಕಾಣುತ್ತದೆ ಅಷ್ಟೆ. ಒಂದು ಗಂಟಿನಲ್ಲಿ ಒಂದು ಸಲ ಹಿಂಗಾರ ಬಂದು ಗೊನೆ ಇಳಿಸಿದ ಮೇಲೆ ಅಲ್ಲಿ ಮತ್ತೆ ಯಾವತ್ತೂ ಹಿಂಗಾರ ಬರುವುದಿಲ್ಲ, ಉಂಗುರದ ಗುರುತು ಮಾತ್ರ ಉಳಿಯುತ್ತದೆ. ಪಪ್ಪಾಯಿಯೂ ಹಾಗೆಯೇ, ಕಾಯಿ ಕಾಂಡಕ್ಕೆ ಅಂಟಿಕೊಂಡಂತೆ ಕಂಡರೂ ಎಲೆಯ ಕಂಕುಳಲ್ಲಿ ಹುಟ್ಟಿದ್ದು. ಆದ್ದರಿಂದ ಪರೀಕ್ಷೆ ಹೀಗೆ ಮಾಡಬೇಕು: ಹೂ ಬಂದ ಜಾಗದಲ್ಲಿ ಎಲೆ ಉದುರಿ ಬಹಳ ಕಾಲವಾಗಿದೆಯೇ? ತೊಗಟೆ ಮರವಾಗಿ ಗಟ್ಟಿಯಾಗಿದೆಯೇ? ಅದೇ ಜಾಗದಲ್ಲಿ ವರ್ಷ ವರ್ಷ ಮತ್ತೆ ಹೂ ಬರುತ್ತದೆಯೇ? ಕೊಕ್ಕೋ, ಹಲಸು, ಬಿಂಬುಳಿ ಮೂರಕ್ಕೂ ಹೌದೆನ್ನುತ್ತವೆ. ಅಡಕೆ, ಪಪ್ಪಾಯಿ ಮೂರನೆಯ ಪ್ರಶ್ನೆಯಲ್ಲಿ ಸೋಲುತ್ತವೆ. ನಮ್ಮ ಅಭಿಪ್ರಾಯದಲ್ಲಿ ಮೂರನೆಯದೇ ನಿರ್ಣಾಯಕ.

ಅದೇ ಜಾಗದಲ್ಲಿ ಮತ್ತೆ ಮತ್ತೆ ಹೂ ಬರುವುದು ಹೇಗೆ? ಎಲ್ಲ ಗಿಡಗಳಲ್ಲೂ ಎಲೆಯ ಕಂಕುಳಲ್ಲಿ ಒಂದು ಮೊಗ್ಗು ಇರುತ್ತದೆ. ಹಲವು ಮರಗಳಲ್ಲಿ ಎಲೆ ಉದುರಿದ ಮೇಲೆ ಅದು ಬೇಗ ಚಿಗುರುತ್ತದೆ ಅಥವಾ ಸತ್ತುಹೋಗುತ್ತದೆ. ಕಾಲಿಫ್ಲೋರಸ್ ಮರದಲ್ಲಿ ಆ ಮೊಗ್ಗು ಸಾಯದೆ ನಿದ್ರಿಸುತ್ತದೆ. ಕಾಂಡ ದಪ್ಪವಾದಂತೆ ಅದೂ ತೊಗಟೆಯ ಜೊತೆ ಹೊರಕ್ಕೆ ಸರಿಯುತ್ತಾ ಬರುತ್ತದೆ, ಒಳಗಿನ ಮರದೊಂದಿಗೆ ನಾರಿನ ನಂಟು ಕಡಿಯುವುದಿಲ್ಲ. ಕೊಕ್ಕೋದಲ್ಲಿ ಈ ಮೊಗ್ಗು ಗಿಡ್ಡಗಿಡ್ಡ ಕವಲೊಡೆದು, ಕವಲುಗಳು ಒತ್ತಾಗಿ, ತೊಗಟೆಯ ಮೇಲೆ ಒಂದು ಸಣ್ಣ ದಿಬ್ಬವಾಗುತ್ತದೆ. ಇದನ್ನು ಹೂದಿಬ್ಬ ಎನ್ನೋಣ. ಕಾಂಡವನ್ನು ಹತ್ತಿರದಿಂದ ನೋಡಿದರೆ ಹಳೆಯ ಎಲೆಗಾಯದ ನೇರಕ್ಕೆ ಇಂಥ ದಿಬ್ಬಗಳು ಸಿಗುತ್ತವೆ. ಆ ಮರದಲ್ಲಿ ಮುಂದೆ ಬರಬೇಕಾದ ಫಸಲೆಲ್ಲ ಇರುವುದು ಆ ದಿಬ್ಬಗಳ ಒಳಗೆ.

ಹೀಗೇಕೆ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಕಾಲಿಫ್ಲೋರಸ್ ಮರಗಳು ಹೆಚ್ಚಾಗಿ ಇರುವುದು ಉಷ್ಣವಲಯದ ಮಳೆಕಾಡುಗಳಲ್ಲಿ. ದಟ್ಟ ನೆರಳಿನ ಕೆಳಗೆ ಹಾರಾಡುವ ಕೀಟ, ಬಾವಲಿಗಳಿಗೆ ಎಲೆಯ ಅಡ್ಡಿಯಿಲ್ಲದ ಕಾಂಡದ ಹೂ ಸುಲಭವಾಗಿ ಸಿಗುತ್ತದೆ. ಹಲಸಿನಂಥ ಭಾರದ ಹಣ್ಣನ್ನು ಕಾಂಡ ತಾಳಿಕೊಳ್ಳುತ್ತದೆ, ರೆಂಬೆ ತಾಳದು. ಮೇಲಿನ ಬಿಸಿಲೆಲ್ಲ ಎಲೆಗೆ ಬಿಟ್ಟಂತೆಯೂ ಆಯಿತು. ಮೆಡಿಟರೇನಿಯನ್ ಸುತ್ತಿನ ಜೂಡಾಸ್ ಮರದಂಥ ಕೆಲವು ಮಾತ್ರ ತಂಪು ಸೀಮೆಯಲ್ಲೂ ಈ ಗುಣ ತೋರಿಸುತ್ತವೆ.

ಅರ್ಥ ತಿಳಿಯುವುದರಿಂದ ತೋಟದಲ್ಲಿ ಏನು ಪ್ರಯೋಜನ ಎಂದು ಕೃಷಿಕರು ಕೇಳಬಹುದು. ಬಹಳ ಇದೆ. ಕಾಸರಗೋಡು, ದಕ್ಷಿಣ ಕನ್ನಡದಲ್ಲಿ ಕೊಕ್ಕೋ ಹೆಚ್ಚಾಗಿ ಇರುವುದು ಅಡಕೆತೋಟದ ನಡುವೆ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ ಅಡಕೆಗೆ 2.7 ಮೀಟರ್ ಅಂತರವಿದ್ದರೆ ಕೊಕ್ಕೋವನ್ನು 2.7 x 5.4 ಮೀಟರಿನಲ್ಲಿ ನೆಡಲು ಹೇಳುತ್ತದೆ. ಬೀಜದ ಸಸಿ 1ರಿಂದ 1.5 ಮೀಟರ್ ಎತ್ತರದಲ್ಲಿ ಬೀಸಣಿಗೆಯಂತೆ 3ರಿಂದ 5 ಕೊಂಬೆ ಒಡೆಯುತ್ತದೆ. ಆ ಕವಲಿನ ಕೆಳಗಿನ ಕಾಂಡ, ಮೇಲಿನ ದಪ್ಪ ಕೊಂಬೆಗಳ ಬುಡ, ಇವೇ ಫಸಲಿನ ಜಾಗ. ಮಾವಿನ ತುದಿ ಸವರಿದರೆ ಹೂ ಹೋಗುತ್ತದೆ, ಕೊಕ್ಕೋದ ತುದಿ ಸವರಿದರೆ ಹೂ ಹೋಗುವುದಿಲ್ಲ. ಕೊಕ್ಕೋದಲ್ಲಿ ಹೂ ಹೋಗುವುದು ಕಾಂಡ ಕೆರೆದಾಗ. ಪಾಚಿ ತೆಗೆಯಲು ಕತ್ತಿಯ ಬೆನ್ನಿನಿಂದಲೋ ತಂತಿ ಬ್ರಶ್ಶಿನಿಂದಲೋ ಉಜ್ಜಿದರೆ ಪಾಚಿಯ ಜೊತೆ ದಿಬ್ಬವೂ ಕಿತ್ತುಬರುತ್ತದೆ. ಗೋಣಿಚೀಲದ ತುಂಡಿನಿಂದ ಮೆಲ್ಲಗೆ ಒರೆಸಿದರೆ ಸಾಕು. ಕಾಂಡಕ್ಕೆ ತಂತಿ ಬಿಗಿಯುವುದು, ಮೊಳೆ ಹೊಡೆಯುವುದು ಎರಡೂ ಬೇಡ. ಬುಡದಿಂದ ನೆಟ್ಟಗೆ ಏಳುವ ಚಿಗುರುಗಳನ್ನು ಎಳೆಯವಾಗಿರುವಾಗಲೇ, ತಿಂಗಳಿಗೊಮ್ಮೆ ಮುರಿದು ತೆಗೆಯಬೇಕು. ಬಲಿತ ಮೇಲೆ ಕತ್ತಿಯಲ್ಲಿ ಕಡಿದರೆ ದೊಡ್ಡ ಗಾಯವಾಗಿ ಪಕ್ಕದ ದಿಬ್ಬಗಳೂ ಹಾಳು.

ಕೊಯ್ಲಿನಲ್ಲಿ ಆಗುವ ನಷ್ಟ ಇನ್ನೂ ಹೆಚ್ಚು. ಹಳದಿಯಾದ ಕಾಯನ್ನು ಕೈಯಿಂದ ತಿರುಚಿ ಎಳೆಯುವವರಿದ್ದಾರೆ, ಬೇಗ ಆಗುತ್ತದೆಂದು. ತೊಟ್ಟಿನ ಜೊತೆ ದಿಬ್ಬದ ಸಿಪ್ಪೆ ಸುಲಿದುಬಂದರೆ ಆ ಜಾಗದಲ್ಲಿ ಮುಂದೆ ಕಾಯಿಯಿಲ್ಲ, ಒಂದು ಕಾಯಿಗಾಗಿ ಹಲವು ವರ್ಷದ ಕಾಯಿ ಹೋಯಿತು. ಹರಿತವಾದ ಚೂರಿ ಅಥವಾ ಕತ್ತರಿಯಿಂದ, ಕಾಂಡದ ಕಡೆ ಸುಮಾರು 1 ಸೆಂಟಿಮೀಟರ್ ತೊಟ್ಟು ಉಳಿಯುವಂತೆ ಕೊಯ್ಯಬೇಕು. ಹೂವಿನಿಂದ ಹಣ್ಣಾಗಲು 5ರಿಂದ 6 ತಿಂಗಳು ಬೇಕು. ಫಸಲಿನ ಕಾಲದಲ್ಲಿ 10–15 ದಿನಕ್ಕೊಮ್ಮೆ ಕೊಯ್ಯುತ್ತಿದ್ದರೆ ಅಳಿಲು, ಇಲಿಗಳ ಪಾಲೂ ಕಡಿಮೆಯಾಗುತ್ತದೆ. ಹಲಸಿಗೂ ಇದೇ ನಿಯಮ. ಗುಜ್ಜೆಯನ್ನು ತುಂಡು ತೊಟ್ಟು ಬಿಟ್ಟು ಕೊಯ್ಯಬೇಕು, ಮುಂದಿನ ವರ್ಷದ ಕವಲು ಆ ಆಸುಪಾಸಿನಿಂದಲೇ ಬರುತ್ತದೆ. ಹಲಸಿನ ಕಾಂಡಕ್ಕೆ ಕಾಳುಮೆಣಸು ಹಬ್ಬಿಸಿದವರು ಇದನ್ನು ಮೊದಲೇ ಲೆಕ್ಕ ಹಾಕಿರಬೇಕು. ಬಳ್ಳಿಯ ಸಂದಿನಲ್ಲೇ ಗುಜ್ಜೆ ಬರುತ್ತದೆ, ಕೊಯ್ಯುವಾಗ ಬಳ್ಳಿ ಹರಿಯುತ್ತದೆ. ಒಳ್ಳೆಯ ತಳಿಯ ಹಲಸಾದರೆ ಅದರ ಕಾಂಡ ಖಾಲಿ ಇರಲಿ.

ರೋಗದ ವಿಷಯದಲ್ಲಂತೂ ಈ ಒಂದು ಪದ ತಿಳಿದಿದ್ದರೆ ಮರ ಉಳಿಯುತ್ತದೆ. ಮಳೆಗಾಲದಲ್ಲಿ ಕೊಕ್ಕೋ ಕಾಯಿಗೆ ಕಂದು ಚುಕ್ಕೆ ಬಿದ್ದು, ಹರಡಿ, ಕೊನೆಗೆ ಇಡೀ ಕಾಯಿ ಕಪ್ಪಾಗುವುದು ಫೈಟೋಫ್ತೋರಾ ಎಂಬ ಶಿಲೀಂಧ್ರದಂಥ ಜೀವಿಯಿಂದ. ಅಡಕೆಯ ಕೊಳೆರೋಗಕ್ಕೂ ಅದೇ ಬಳಗ ಕಾರಣ. ಮಾವಿನಂಥ ಮರದಲ್ಲಿ ಕಾಯಿ ಕೊಳೆತರೆ ರೆಂಬೆಯ ತುದಿ ಹೋದೀತು. ಕೊಕ್ಕೋದಲ್ಲಿ ಕಾಯಿ ಕೂತಿರುವುದೇ ಕಾಂಡದ ಮೇಲೆ. ಕೊಳೆ ತೊಟ್ಟಿನಿಂದ ದಿಬ್ಬಕ್ಕೆ, ದಿಬ್ಬದಿಂದ ತೊಗಟೆಗೆ ಇಳಿಯುತ್ತದೆ. ತೊಗಟೆಯ ಮೇಲೆ ಒದ್ದೆಯಾದ ಕಂದು ಕಲೆ, ಕೆಂಪುಕಂದು ರಸ ಒಸರುವುದು ಅದರ ಲಕ್ಷಣ. ಸುತ್ತಲೂ ಹಬ್ಬಿದರೆ ಮರವೇ ಸಾಯುತ್ತದೆ. ಆದ್ದರಿಂದ ಕಪ್ಪಾದ ಕಾಯನ್ನು ‘ಒಣಗಿ ಬೀಳಲಿ’ ಎಂದು ಬಿಡಬಾರದು. ಕಂಡ ದಿನವೇ ಕೊಯ್ದು ತೋಟದ ಹೊರಗೆ ಹೂಳಬೇಕು. ಮೇಲಿನ ಕೊಳೆತ ಕಾಯಿಯ ಮೇಲೆ ಬಿದ್ದ ಮಳೆನೀರು ಕಾಂಡದಲ್ಲೇ ಇಳಿದು ಕೆಳಗಿನ ಕಾಯಿ, ದಿಬ್ಬ ಎಲ್ಲಕ್ಕೂ ಕೊಳೆಯನ್ನು ಹಂಚುತ್ತದೆ.

ಮುಂಜಾಗ್ರತೆಗೆ ಶೇ. 1ರ ಬೋರ್ಡೋ ದ್ರಾವಣ ಸಾಕು. 1 ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಒಳ್ಳೆಯ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಸುಣ್ಣವನ್ನು ತುತ್ತಕ್ಕೆ ಸುರಿಯುವುದಲ್ಲ. ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಚೂರಿಯನ್ನು ಅದ್ದಿದಾಗ ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಕಡಿಮೆಯಾಗಿದೆ, ಹಾಗೇ ಹೊಡೆದರೆ ಸುಡುತ್ತದೆ. ಅಡಕೆಗೆ ಹೊಡೆಯುವವರು ಗೊನೆಗೆ ಗುರಿಯಿಡುತ್ತಾರೆ. ಕೊಕ್ಕೋಗೆ ಹೊಡೆಯುವಾಗ ಗುರಿ ಎಲೆಯಲ್ಲ, ಕಾಂಡ ಮತ್ತು ಕಾಯಿ. ಎಲೆಗೆಲ್ಲ ಹೊಡೆದು ಕಾಂಡ ಒಣಗಿಯೇ ಉಳಿದರೆ ಮದ್ದು ವ್ಯರ್ಥ. ತೊಗಟೆಗೆ ರೋಗ ಇಳಿದಿದ್ದರೆ ಕಂದಾದ ಭಾಗವನ್ನು ಆರೋಗ್ಯವಾದ ತೊಗಟೆ ಕಾಣುವವರೆಗೆ ಕೆತ್ತಿ ತೆಗೆದು ಬೋರ್ಡೋ ಪೇಸ್ಟ್ ಹಚ್ಚಬೇಕು. 100 ಗ್ರಾಂ ಮೈಲುತುತ್ತು ಅರ್ಧ ಲೀಟರಿನಲ್ಲಿ, 100 ಗ್ರಾಂ ಸುಣ್ಣ ಅರ್ಧ ಲೀಟರಿನಲ್ಲಿ, ಎರಡನ್ನೂ ಸೇರಿಸಿದರೆ ಪೇಸ್ಟ್. ಕೆತ್ತಿದಷ್ಟು ಜಾಗದ ದಿಬ್ಬಗಳು ಹೋಗುತ್ತವೆ, ಹಾಗಾಗಿ ಕಲೆ ಚಿಕ್ಕದಿರುವಾಗಲೇ ಹಿಡಿಯಬೇಕು.

ಎಳೆಗಾಯಿ ಕಪ್ಪಾಗುವುದೆಲ್ಲ ಈ ರೋಗವಲ್ಲ. ಹೂವಾಗಿ ಎರಡು ಎರಡೂವರೆ ತಿಂಗಳೊಳಗಿನ ಬೆರಳುದ್ದದ ಕಾಯಿ ಹಳದಿಗಟ್ಟಿ, ಸುರುಟಿ, ಕಪ್ಪಾಗಿ, ಉದುರದೆ ಮರದಲ್ಲೇ ಒಣಗಿ ನಿಂತಿದ್ದರೆ ಅದು ಬಹುಮಟ್ಟಿಗೆ ಮರವೇ ಮಾಡಿಕೊಳ್ಳುವ ಕಡಿತ. ಕಾಂಡದ ತುಂಬ ಕಾಯಿ ಕಚ್ಚಿದಾಗ ಅಷ್ಟಕ್ಕೂ ಆಹಾರ ಸಾಲದೆ ಕೆಲವನ್ನು ಬಿಟ್ಟುಕೊಡುತ್ತದೆ. ಇದಕ್ಕೆ ಮದ್ದು ಹೊಡೆದು ಪ್ರಯೋಜನವಿಲ್ಲ, ನೀರು ಗೊಬ್ಬರ ಸರಿಯಿರಬೇಕು. ಹೂವಿನದೂ ಹಾಗೆಯೇ. ಕೊಕ್ಕೋ ವರ್ಷಕ್ಕೆ ಸಾವಿರಗಟ್ಟಲೆ ಹೂ ಬಿಟ್ಟರೂ ಕಾಯಿ ಕಚ್ಚುವುದು ನೂರಕ್ಕೆ ಐದರೊಳಗೆ. ಹೂ ಪೂರ್ತಿ ಅರಳುವುದು ಬೆಳಗಿನ ಜಾವ, ಪರಾಗ ಸಿಗದಿದ್ದರೆ ಒಂದೆರಡು ದಿನದಲ್ಲಿ ಉದುರುತ್ತದೆ. ಪರಾಗ ಮುಟ್ಟಿಸುವುದು ಜೇನಲ್ಲ, ಕಣ್ಣಿಗೆ ಚುಕ್ಕೆಯಷ್ಟೇ ಕಾಣುವ ಒಂದು ಜಾತಿಯ ನೊರಜು. ಅದು ಮರಿಮಾಡುವುದು ಒದ್ದೆ ತರಗೆಲೆಯಲ್ಲಿ, ಕೊಳೆಯುವ ಬಾಳೆದಿಂಡಿನಲ್ಲಿ, ಒಡೆದು ಬಿಟ್ಟ ಕೊಕ್ಕೋ ಸಿಪ್ಪೆಯಲ್ಲಿ. ರೋಗವಿಲ್ಲದ ಸಿಪ್ಪೆ, ತರಗೆಲೆಗಳನ್ನು ತೋಟದಲ್ಲೇ ಬಿಡುವುದು ಸೋಮಾರಿತನವಲ್ಲ. ಹೂವು ಕಾಂಡದ ಬುಡದಲ್ಲಿದ್ದು ಕೀಟ ತರಗೆಲೆಯಲ್ಲಿರುವಾಗ ಇಬ್ಬರ ನಡುವಿನ ದೂರ ಒಂದೆರಡು ಮೊಳ ಮಾತ್ರ.

ಇನ್ನು ಕನ್ನಡದಲ್ಲಿ ಏನೆನ್ನಬೇಕು? ‘ಕಾಂಡಪುಷ್ಪಿ’ ಎಂದರೆ ಪಾಠಪುಸ್ತಕಕ್ಕೆ ಒಪ್ಪುತ್ತದೆ, ರಾಮಿಫ್ಲೋರಸ್‌ಗೆ ‘ಶಾಖಾಪುಷ್ಪಿ’ ಎಂಬ ಜೋಡಿಯೂ ಸಿಗುತ್ತದೆ. ಆದರೆ ಪತ್ರಿಕೆಯ ಓದುಗರಿಗೆ ‘ಮೈಹೂವಿನ ಮರ’ ಎಂಬುದೇ ಹತ್ತಿರ ಎಂದು ನಮಗೆ ಅನ್ನಿಸುತ್ತದೆ. ‘ಮರದ ಮೈತುಂಬ ಕಾಯಿ’ ಎಂದು ನಾವು ಆಗಲೇ ಹೇಳುತ್ತೇವೆ. ಆ ‘ಮೈ’ಯಲ್ಲಿ ಕಾಂಡವೂ ಬರುತ್ತದೆ, ದಪ್ಪ ಕೊಂಬೆಯೂ ಬರುತ್ತದೆ, ಎಲೆಚಿಗುರು ಬರುವುದಿಲ್ಲ. ಮೂಲ ಪದದ ಬಳಕೆಯ ಅಳತೆ ಸರಿಯಾಗಿ ಅಷ್ಟೇ. ಬಳಸುವಾಗ ಒಂದು ಎಚ್ಚರ ಬೇಕು. ಈ ವಿಶೇಷಣ ಸೇರುವುದು ಮರಕ್ಕೆ, ಜಾತಿಗೆ. ‘ಹಲಸು ಕಾಲಿಫ್ಲೋರಸ್’ ಅನ್ನಬಹುದು, ‘ಕಾಲಿಫ್ಲೋರಸ್ ಬಣ್ಣ’, ‘ಕಾಲಿಫ್ಲೋರಸ್ ಆಕಾರ’ ಅಂದರೆ ಅರ್ಥವಿಲ್ಲ. ಕಾಂಡದ ಎಲೆಗೆ ಹೇಳುವ ‘ಕಾಲೈನ್’ ಎಂಬ ಇನ್ನೊಂದು ಪದವಿದೆ, ಅದೂ ‘ಕೌಲಿಸ್’ನಿಂದಲೇ ಬಂದದ್ದು. ಅದನ್ನು ಇದರೊಂದಿಗೆ ಬೆರೆಸಬಾರದು.

ಮುಂದಿನ ಕೃಷಿ ಪುಟದಲ್ಲಿ ಆ ಸಾಲನ್ನು ‘ಕಾಂಡ ಮತ್ತು ದಪ್ಪ ಕೊಂಬೆಗಳ ಮೇಲೆಯೇ ಹೂ ಬಿಡುವ ಮರಗಳು’ ಎಂದು ತಿದ್ದಿ ಪ್ರಕಟಿಸಬೇಕಾಗಿ ವಿನಂತಿ. ಜೀಗುಜ್ಜೆಯ ಚಿತ್ರದ ಬದಲಿಗೆ ಬಿಂಬುಳಿಯ ಬುಡದ ಚಿತ್ರ ಹಾಕಿದರೆ ಇನ್ನೂ ಒಳ್ಳೆಯದು. ಹೂ, ಮೊಗ್ಗು, ಕಾಯಿ ಮೂರೂ ಒಂದೇ ಚಿತ್ರದಲ್ಲಿ ಸಿಗುತ್ತವೆ.

ಇತಿ,
ಒಬ್ಬ ಕೊಕ್ಕೋ ಬೆಳೆಗಾರ ಮತ್ತು ಒಬ್ಬ ಸಸ್ಯಶಾಸ್ತ್ರ ಅಧ್ಯಾಪಕ
ಬದಿಯಡ್ಕ, ಕಾಸರಗೋಡು ಜಿಲ್ಲೆ